ಕೆಟ್ಟ ವರ್ಷದ ಒಳ್ಳೆಯ ದ್ರಾಕ್ಷಿ

‘ವಿಂಟೇಜ್’ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಉತ್ಸವಗಳಲ್ಲಿ ಸಾಲಾಗಿ ಹೊರಡುವ ಹಳೆಯ ಕಾರುಗಳು. ಆದರೆ ಈ ಪದ ಹುಟ್ಟಿದ್ದು ಗ್ಯಾರೇಜಿನಲ್ಲಲ್ಲ, ದ್ರಾಕ್ಷಿ ತೋಟದಲ್ಲಿ. ಒಂದು ವರ್ಷದ ದ್ರಾಕ್ಷಿ ಕೊಯ್ಲು ಎಂಬುದೇ ಇದರ ಮೂಲ ಅರ್ಥ. ವೈನ್ ಬಾಟಲಿಯ ಮೇಲಿರುವ ಇಸವಿ ಅದು ಮಾರಾಟಕ್ಕೆ ಬಂದ ವರ್ಷವಲ್ಲ, ಅದರ ದ್ರಾಕ್ಷಿ ಕೊಯ್ದ ವರ್ಷ.

ಫ್ರಾನ್ಸಿನ ನೈಋತ್ಯ ಭಾಗದ ಬೋರ್ಡೋ ಪ್ರದೇಶ ಇಂಥ ವೈನಿಗೆ ಲೋಕಪ್ರಸಿದ್ಧ. ಹೆಸರು ನಮಗೇನೂ ಹೊಸದಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಅಲ್ಲಿಂದಲೇ ಬಂದದ್ದು. ಮಳೆ ಕೊಡುವ ಕಾಟ ಇಲ್ಲಿಯ ರೈತನಿಗೂ ಒಂದೇ, ಅಲ್ಲಿಯವನಿಗೂ ಒಂದೇ. ಏಪ್ರಿಲ್-ಮೇ ತಿಂಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿದರೆ ಚಿಗುರು ಸುಟ್ಟುಹೋಗುತ್ತದೆ. ಜೂನಿನಲ್ಲಿ ಚಳಿ ಬಿದ್ದರೆ ಹೂವು ಕಾಯಿ ಕಚ್ಚುವುದಿಲ್ಲ. ಕೊಯ್ಲಿನ ಹೊತ್ತಿಗೆ, ಅಂದರೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಳೆ ಹಿಡಿದರೆ ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ, ಕೊಳೆಯುತ್ತದೆ.

ಹೀಗಾಗಿ ಅಲ್ಲಿ ವರ್ಷವರ್ಷಕ್ಕೂ ಅಂಕಪಟ್ಟಿ ಇದೆ. ಈ ವರ್ಷ ಉತ್ತಮ, ಆ ವರ್ಷ ಸಾಧಾರಣ, ಮತ್ತೊಂದು ಕಳಪೆ ಎಂದು ಇಡೀ ಪ್ರದೇಶಕ್ಕೆ ಸೇರಿ ಒಂದು ಅಂಕ. ಕೊಯ್ಲಿನ ಮರು ವಸಂತದಲ್ಲೇ, ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ಪರಿಣತರು ರುಚಿ ನೋಡಿ ತೀರ್ಪು ಕೊಡುತ್ತಾರೆ. ಬೆಲೆ ಏರುವುದೂ ಇಳಿಯುವುದೂ ಬಹುಮಟ್ಟಿಗೆ ಆ ತೀರ್ಪಿನ ಮೇಲೆಯೇ.

ಆದರೆ ಅವಸರದ ತೀರ್ಪು ನಿಲ್ಲುವುದಿಲ್ಲ ಎಂಬುದಕ್ಕೆ 1964ರ ಕತೆ ಕೇಳಿ. ಬೇಸಿಗೆ ಚೆನ್ನಾಗಿತ್ತು. ಕೊಯ್ಲು ಮುಗಿಯುವ ಮೊದಲೇ ಫ್ರಾನ್ಸಿನ ಕೃಷಿ ಸಚಿವರು ಇದು ಶತಮಾನದ ಶ್ರೇಷ್ಠ ಬೆಳೆಯಾಗಲಿದೆ ಎಂದು ಸಾರಿಬಿಟ್ಟರು. ಅಕ್ಟೋಬರ್ 8ರಂದು ಶುರುವಾದ ಮಳೆ ಸುಮಾರು ಎರಡು ವಾರ ಬಿಡಲಿಲ್ಲ. ಹಣ್ಣು ಇನ್ನಷ್ಟು ಮಾಗಲೆಂದು ಕಾದಿದ್ದ ಹೆಸರಾಂತ ತೋಟಗಳು ತೊಯ್ದು ಹೋದವು. ಮಳೆಗೆ ಮುಂಚೆಯೇ ಕೊಯ್ಲು ಮುಗಿಸಿದ್ದ ಲಾತೂರ್ ತೋಟದ ವೈನ್ ಮಾತ್ರ ದಶಕಗಳ ನಂತರವೂ ಹೊಗಳಿಸಿಕೊಂಡಿತು. ವರ್ಷ ಒಂದೇ, ಊರು ಒಂದೇ, ಫಲ ಬೇರೆ.

ಇದಕ್ಕೆ ತಿರುವುಮುರುವಾದದ್ದು 1961. ಮೇ ಕೊನೆಯ ಹಿಮವೂ ಹೂವಿನ ಕಾಲದ ಚಳಿಯೂ ಸೇರಿ ಫಸಲು ಗಣನೀಯವಾಗಿ ಕುಗ್ಗಿತ್ತು. ರೈತರು ತಲೆಯ ಮೇಲೆ ಕೈ ಹೊತ್ತು ಕೂರಬೇಕಾದ ಸ್ಥಿತಿ. ಆದರೆ ಮುಂದೆ ಒಣ ಹವೆ, ಒಳ್ಳೆಯ ಬಿಸಿಲು ಬಂತು. ಬಳ್ಳಿಯಲ್ಲಿ ಉಳಿದಿದ್ದ ಕೆಲವೇ ಗೊಂಚಲುಗಳಿಗೆ ಬಳ್ಳಿಯ ಸತ್ವವೆಲ್ಲ ಇಳಿಯಿತು. ಕಳೆದ ಶತಮಾನದ ಅತ್ಯುತ್ತಮ ಬೋರ್ಡೋ ವರ್ಷಗಳ ಪಟ್ಟಿಯಲ್ಲಿ 1961 ಇಂದಿಗೂ ಇದೆ.

ಎಲ್ಲ ಕೆಟ್ಟ ವರ್ಷಗಳೂ ಹೀಗೆ ಪಾರಾಗುವುದಿಲ್ಲ ಎನ್ನಿ. 1991ರ ಏಪ್ರಿಲಿನ ಹಿಮ ಚಿಗುರನ್ನು ಕೊಂದಿತು; ಮೇಲೆ ಕೊಯ್ಲಿನ ಕಾಲಕ್ಕೆ ಮಳೆಯೂ ಬಂತು. 1992ರಲ್ಲಂತೂ ಮಳೆಯೋ ಮಳೆ. ಈ ಎರಡು ವರ್ಷಗಳ ಬಹುಪಾಲು ವೈನ್ ನೀರುನೀರು. ಸಿಹಿ ವೈನಿಗೆ ಹೆಸರಾದ ಇಕೆಮ್ ತೋಟ 1992ರ ಬೆಳೆಗೆ ತನ್ನ ಹೆಸರನ್ನೇ ಹಾಕಲಿಲ್ಲ. ನಷ್ಟವಾದರೂ ಸರಿ, ಹೆಸರು ಕೆಡಬಾರದು ಎಂಬ ನಿಷ್ಠುರ ಅದು.

ಆದರೂ 1991ರಲ್ಲಿ ಲಾತೂರ್ ಮತ್ತೆ ಗೆದ್ದಿತು. ಆ ತೋಟ ಜಿರೋಂದ್ ಅಳಿವೆಯ ದಂಡೆಗೆ ಹತ್ತಿರ. ಅಗಲವಾದ ನೀರು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಮದ ಪೆಟ್ಟು ಅಲ್ಲಿ ಕಡಿಮೆ. ಜಲ್ಲಿಕಲ್ಲಿನ ನೆಲವಾದ್ದರಿಂದ ಮಳೆನೀರು ನಿಲ್ಲದೆ ಬಸಿದುಹೋಗುತ್ತದೆ. 1992ರಲ್ಲಿ ಪೆತ್ರೂಸ್ ತೋಟದವರದು ಇನ್ನೊಂದು ಉಪಾಯ. ಅವರ ಸುಮಾರು 11 ಹೆಕ್ಟೇರ್ ನೆಲ ನೀರು ಹೀರುವ ಜೇಡಿಮಣ್ಣು. ಮಳೆಗೆ ಮುಂಚೆ ನೆಲಕ್ಕೆಲ್ಲ ಕರಿ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ನೀರು ಬೇರಿಗಿಳಿಯದೆ ಹರಿದುಹೋಯಿತು. ಆ ವರ್ಷದ ಒಳ್ಳೆಯ ವೈನ್‌ಗಳ ಮಾತು ಬಂದಾಗ ಪೆತ್ರೂಸ್ ಹೆಸರು ಇದ್ದೇ ಇರುತ್ತದೆ. ಇನ್ನು ಕೆಲವು ತೋಟಗಳಲ್ಲಿ ಗೊಂಚಲು ಗೊಂಚಲನ್ನೂ ಆರಿಸಿ, ಬಲಿಯದ ಹಣ್ಣನ್ನು ಬೇರೆ ಹೆಸರಿನ ಅಗ್ಗದ ವೈನಿಗೆ ಕಳಿಸುವುದುಂಟು.

ಅಂದರೆ ಕೆಟ್ಟ ವರ್ಷದ ಒಳ್ಳೆಯ ವೈನ್ ಪವಾಡವಲ್ಲ. ನೆಲ, ಹೊತ್ತರಿತು ಮಾಡಿದ ಕೆಲಸ, ಬೇಡದ್ದನ್ನು ಕೈಬಿಡುವ ಧೈರ್ಯ ಅದರ ಹಿಂದಿರುತ್ತವೆ. ಅಂಕಪಟ್ಟಿ ಹೇಳುವುದು ಇಡೀ ಸೀಮೆಯ ಸರಾಸರಿಯನ್ನು. ಈ ತೋಟ ಹೇಗೆ, ಈ ಬಳ್ಳಿ ಹೇಗೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಇಸವಿ ನೋಡಿಯೇ ಕೊಳ್ಳುವವರು ಬಿಟ್ಟು ಹೋದ ಬಾಟಲಿಯನ್ನು ತಿಳಿದವರು ಕಡಿಮೆ ಬೆಲೆಗೆ ಒಯ್ಯುತ್ತಾರೆ.

ವೈನಿನ ಗೊಡವೆ ಮಕ್ಕಳಿಗೆ ಬೇಡ. ಆದರೆ ಇಸವಿಯ ಗೊಡವೆ ಅವರನ್ನೂ ಬಿಟ್ಟಿಲ್ಲ. 2021ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ಪರೀಕ್ಷೆ ಕೊರೊನಾದಿಂದ ರದ್ದಾಯಿತು. ಹಿಂದಿನ ತರಗತಿಗಳ ಅಂಕ ನೋಡಿ ಹೊಸ ವಿದ್ಯಾರ್ಥಿಗಳನ್ನೆಲ್ಲ ಉತ್ತೀರ್ಣಗೊಳಿಸಲಾಯಿತು. ‘ಪರೀಕ್ಷೆ ಬರೆಯದೆ ಪಾಸಾದವರು’, ‘ಕೊರೊನಾ ಬ್ಯಾಚು’ ಎಂಬ ಮಾತು ಅಂದಿನಿಂದ ಆ ಮಕ್ಕಳ ಬೆನ್ನಿಗಿದೆ. ಮದುವೆ ಮನೆಯ ಪಂಕ್ತಿಯಲ್ಲಿ ನೆಂಟರು ನಗುತ್ತ ಹೇಳುವ ಮಾತಾದರೂ ಕೇಳಿಸಿಕೊಂಡವನಿಗೆ ಅದು ನಗೆಯಲ್ಲ. ಆ ವರ್ಷವೂ ಮೊಬೈಲ್ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಪಾಠ ಕೇಳಿದ ಹುಡುಗಿಯರಿದ್ದರು, ಮನೆಯಲ್ಲಿ ಸಾವು ಕಂಡು ಮತ್ತೆ ಪುಸ್ತಕ ಹಿಡಿದ ಹುಡುಗರಿದ್ದರು. ಹಿಮ ಬಿದ್ದದ್ದು ಅವರ ತಪ್ಪಲ್ಲ.

ಅವರಲ್ಲಿ ಅನೇಕರು ಈಗ ಪದವಿ ಮುಗಿಸಿ ಕೆಲಸದ ಸಂದರ್ಶನಗಳಿಗೆ ಹೋಗುವ ವಯಸ್ಸಿನವರು. ಮೇಜಿನ ಆ ಕಡೆ ಕುಳಿತವರು ಅಂಕಪಟ್ಟಿಯ ಇಸವಿ ನೋಡಲಿ, ಬೇಡವೆನ್ನುವಂತಿಲ್ಲ. ನೋಡಿದ ಮೇಲೆ ತಲೆಯೆತ್ತಿ ಎದುರಿಗಿರುವ ಹುಡುಗನನ್ನೋ ಹುಡುಗಿಯನ್ನೋ ಎರಡು ಪ್ರಶ್ನೆ ಕೇಳಲಿ. ಮನೆಯಲ್ಲಿ ಅಪ್ಪ-ಅಮ್ಮಂದಿರೂ ಅಷ್ಟು ಮಾಡಿದರೆ ಸಾಕು.