ಲೆಕ್ಕಕ್ಕೆ ಸಿಗದ ಜಮೆ

ಹದಿನೈದು ದಿನಗಳ ಹಿಂದೆ, ಆಶ್ವಯುಜದ ಮೊದಲ ವಾರದಲ್ಲಿ, ಬೆಂಗಳೂರಿನ ಕಾಲೇಜೊಂದರಿಂದ ನನಗೊಂದು ಕಾಗದ ಬಂದಿತು. ಅಲ್ಲಿ ಕನ್ನಡ ಅಧ್ಯಾಪಕನ ಸ್ಥಾನವೊಂದು ತೆರವಾಗಿದೆ. ನಾನು ಒಪ್ಪಿದಲ್ಲಿ ಸಂಬಳ ಈಗಿನದರ ಒಂದೂವರೆ ಪಾಲು. ಹೊಸಪೇಟೆಯಲ್ಲಿ ಹತ್ತು ವರ್ಷ ಪಾಠ ಹೇಳಿದವನಿಗೆ ಇಂಥ ಕಾಗದ ದಿನವೂ ಬರುವಂಥದಲ್ಲ. ಮನೆಯಾಕೆ ಅದನ್ನು ಎರಡು ಬಾರಿ ಓದಿ, ದೇವರ ಗೂಡಿನಲ್ಲಿಟ್ಟು, “ಮಗಳ ಓದಿಗಾಗಿಯಾದರೂ ಯೋಚನೆ ಮಾಡಿ” ಎಂದಳು. ಮಾತು ನ್ಯಾಯವಾದದ್ದೇ.

ಅಂದು ಸಂಜೆ ಮಗಳ ಹಳೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು, ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಬೆಂಗಳೂರು, ಬಲಕ್ಕೆ ಹೊಸಪೇಟೆ ಎಂದು ಬರೆದೆ. ಎಡಭಾಗ ಬೇಗ ತುಂಬಿತು: ಸಂಬಳ, ಶಾಲೆ, ಆಸ್ಪತ್ರೆ, ಪುಸ್ತಕಭಂಡಾರ, ಭಾವಮೈದುನನ ನೆರೆ. ಬಲಭಾಗಕ್ಕೆ ಬಂದೊಡನೆ ಲೇಖನಿ ನಿಂತಿತು. ಬಾಡಿಗೆ ಕಡಿಮೆ ಎಂದು ಬರೆದೆ. ಬಾಳೆಹಣ್ಣು ಚೆನ್ನಾಗಿರುತ್ತದೆ ಎಂದು ಬರೆದು, ನಾಚಿಕೆಯಾಗಿ ಹೊಡೆದುಹಾಕಿದೆ.

ಆ ಹೊತ್ತಿಗೆ ಒಳಮನೆಯಿಂದ ಮಗಳ ಸರಳೆ ವರಸೆ ಕೇಳಿಬಂದಿತು. ಮೂರು ತಿಂಗಳಿಂದ ಅವಳು ಅದನ್ನು ಹಾಡುತ್ತಿದ್ದಾಳೆ. ಮೂರು ತಿಂಗಳಿಂದ ನಾನು ಬಾಗಿಲು ಮುಂದೆ ಮಾಡಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದೇನೆ. ಆ ಸಂಜೆ ಮಾತ್ರ ಕಿವಿಗೊಟ್ಟೆ. ಮಾಯಾಮಾಳವಗೌಳ ರಾಗದಲ್ಲಿ ಮಕ್ಕಳಿಗೆ ಮೊದಲ ಪಾಠ ಹೇಳುವ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಗೀತಗಾರರು ಪರಂಪರೆಯಿಂದ ನಂಬಿಕೊಂಡು ಬಂದಿದ್ದಾರೆ. ಆ ದಾಸರ ಹೆಸರಿನ ಮಂಟಪ ಇರುವ ಹಂಪೆ ನಮ್ಮ ಊರಿನಿಂದ ೧೩ ಕಿಲೋಮೀಟರು. ಅಲ್ಲಿ ಹುಟ್ಟಿದ್ದೆನ್ನುವ ಪಾಠ ನಮ್ಮ ಒಳಮನೆಯಲ್ಲಿ ತಪ್ಪುತಪ್ಪಾಗಿಯಾದರೂ ಮೊಳಗುತ್ತಿದೆ! ಬಲಭಾಗದಲ್ಲಿ ‘ಸಂಗೀತ’ ಎಂದು ಬರೆದೆ.

ಒಂದು ಹೊಳೆದ ಮೇಲೆ ಉಳಿದವು ತಾವಾಗಿ ಬಂದವು. ಎರಡನೆಯದು ಕಾವ್ಯ. ಹರಿಹರ ಕವಿ ದೋರಸಮುದ್ರದಲ್ಲಿ ಹೊಯ್ಸಳ ಅರಸನ ಬಳಿ ಕರಣಿಕನಾಗಿದ್ದು, ಲೆಕ್ಕದ ಕಡತವನ್ನು ಬಿಟ್ಟು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಬಂದನೆಂದು ಐತಿಹ್ಯ. ಆತನ ‘ಪುಷ್ಪರಗಳೆ’ಯ ವಸ್ತು ಯುದ್ಧವಲ್ಲ, ಸ್ವಯಂವರವಲ್ಲ, ದೇವರಿಗಾಗಿ ಹೂ ತರುವುದು, ಅಷ್ಟೆ. ದಿನವೂ ಮಾಡುವ ಕೆಲಸವನ್ನು ಮನಸ್ಸಿಟ್ಟು ಮಾಡಿದರೆ ಅದೇ ಹಬ್ಬವಾದೀತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಪುರಂದರದಾಸರೂ ಪೂರ್ವಾಶ್ರಮದಲ್ಲಿ ದೊಡ್ಡ ವ್ಯಾಪಾರಿಗಳಾಗಿದ್ದರೆನ್ನುತ್ತಾರೆ. ಹೀಗೆ ಇಬ್ಬರು ಲೆಕ್ಕಿಗರು ಲೆಕ್ಕ ಮುಚ್ಚಿಟ್ಟು ಬಂದ ನೆಲದ ಪಕ್ಕದಲ್ಲಿ ಕುಳಿತು ನಾನು ಲೆಕ್ಕ ತೆರೆದಿದ್ದೆ!

ಮೂರನೆಯದು ಶರತ್ಕಾಲ. ಇಂಗ್ಲಿಷ್ ಕವಿಗಳ ಶರತ್ಕಾಲದಲ್ಲಿ ಎಲೆ ಉದುರುತ್ತದೆ. ನಮ್ಮಲ್ಲಿ ಧೂಳು ಅಡಗುತ್ತದೆ. ಅದನ್ನು ಕಾಣಬೇಕಾದರೆ ಸಂಡೂರಿಗೆ ಹೋಗಬೇಕು. ಬೇಸಗೆಯಲ್ಲಿ ಅದಿರಿನ ಕೆಂಧೂಳಿಯನ್ನು ಹೊದ್ದು ನಿಲ್ಲುವ ರಸ್ತೆಬದಿಯ ಮರಗಳು ಮಳೆಗಾಲ ಕಳೆಯುವ ಹೊತ್ತಿಗೆ ಮಿಂದು ಮಡಿಯುಟ್ಟಂತೆ ಕಾಣುತ್ತವೆ. ಕುಮಾರಸ್ವಾಮಿ ಬೆಟ್ಟದ ಹಾದಿಯಲ್ಲಿ ಮೋಡದ ನೆರಳು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ನಡೆದು ಹೋಗುತ್ತದೆ. ೧೯೩೪ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯವರು ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದರೆಂಬ ಮಾತು ಇಂದಿಗೂ ಆ ಸೀಮೆಯವರ ನಾಲಗೆಯ ಮೇಲಿದೆ.

ನಾಲ್ಕನೆಯದು ಪ್ರಯಾಣದ ನೆನಪು. ನಾನು ಏಳೆಂಟು ವರ್ಷದವನಿದ್ದಾಗ ಅಜ್ಜನೊಡನೆ ಕಂಪ್ಲಿಯ ಮೇಲೆ ಹಾದು ಹೊಳೆಯಾಚೆಯ ಮದುವೆಗೆ ಹೊರಟಿದ್ದೆ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಸೇತುವೆಯ ಮೇಲೆ ಹೊಳೆ ಹರಿಯುತ್ತಿತ್ತು. ಬಸ್ಸು ಈಚೆಯ ದಡದಲ್ಲೇ ನಿಂತಿತು. ಹೊತ್ತು ಹೋಗದೆ ಗೊಣಗುತ್ತಿದ್ದ ಜನರ ನಡುವೆ ಅಜ್ಜ ಹೆಗಲವಸ್ತ್ರ ಹಾಸಿ ಕುಳಿತು ಕಂಪಿಲರಾಯನ ಮಗ ಕುಮಾರರಾಮನ ಕಥೆ ತೆಗೆದರು. ದೆಹಲಿಯ ಸುಲ್ತಾನನ ಸೈನ್ಯದ ಮುಂದೆ ೧೩೨೭ರಲ್ಲಿ ಕಂಪಿಲಿಯ ರಾಜ್ಯ ಬಿದ್ದುದನ್ನು ನಾನು ಮುಂದೆ ಪುಸ್ತಕದಲ್ಲಿ ಓದಿದೆ. ಆ ದಿನ ಮಾತ್ರ ಕೋಟೆ ಕಣ್ಣೆದುರಿಗಿತ್ತು, ಹೊಳೆಯ ಮೊರೆತ ಸೈನ್ಯದ ಸದ್ದಿನಂತಿತ್ತು. ಮದುವೆ ಯಾರದೆಂಬುದು ಮರೆತುಹೋಗಿದೆ; ತಲುಪಲಾಗದ ಆ ಪ್ರಯಾಣ ನೆನಪಿನಲ್ಲಿದೆ.

ತುಂಬಿದ ಹಾಳೆಯನ್ನು ವಿಜಯೋತ್ಸಾಹದಿಂದ ಮನೆಯಾಕೆಯ ಕೈಗಿತ್ತೆ. ಅವಳು ಸಾರಿನ ಸೌಟನ್ನು ಕೆಳಗಿಟ್ಟು ನಿಧಾನವಾಗಿ ಓದಿದಳು.

“ಎಲ್ಲ ಸರಿ. ಆ ಮಂಟಪಕ್ಕೆ ನೀವು ಹೋಗಿ ಎಷ್ಟು ಕಾಲವಾಯಿತು?”

ಲೆಕ್ಕ ಹಾಕಿದೆ. ನಾಲ್ಕು ವರ್ಷ.

“ಸಂಡೂರಿಗೆ?”

“ನಿನ್ನ ತಮ್ಮ ಬಂದಾಗ ಹೋದದ್ದೇ.”

“ಅದಕ್ಕೂ ಮೂರು ವರ್ಷವಾಯಿತು. ಕಂಪ್ಲಿಯ ಕಥೆಯನ್ನು ಮಗಳಿಗೆ ಒಂದು ದಿನವಾದರೂ ಹೇಳಿದ್ದೀರಾ? ಹರಿಹರನನ್ನು ಪರೀಕ್ಷೆಯ ಟಿಪ್ಪಣಿಗಲ್ಲದೆ ಎಂದಾದರೂ ತೆಗೆದು ಓದಿದ್ದೀರಾ?” ಎಂದು ಹಾಳೆಯನ್ನು ಹಿಂದಿರುಗಿಸಿ, “ಅನುಭವಿಸದ ಆಸ್ತಿಗೆ ಕಂದಾಯ ಕಟ್ಟುತ್ತಿದ್ದೀರಿ” ಎಂದಳು.

ಎಂ.ಎ. ಓದಿದವನ ಬಳಿ ಇದಕ್ಕೆ ಉತ್ತರವಿರಲಿಲ್ಲ.

ಆ ಭಾನುವಾರವೇ ಬುತ್ತಿ ಕಟ್ಟಿಕೊಂಡು ಮೂವರೂ ಹಂಪೆಗೆ ಹೋದೆವು. ವಿಜಯವಿಠ್ಠಲ ದೇವಾಲಯದ ಕಡೆಯಿಂದ ಇಳಿದು ಹೊಳೆಯ ದಡಕ್ಕೆ ಬಂದಾಗ ಪುರಂದರ ಮಂಟಪ ನೀರಿನಿಂದ ಮೇಲೆದ್ದು ನಿಂತಿತ್ತು. ೧೯೫೩ರಲ್ಲಿ ನಾಲೆಗಳಿಗೆ ನೀರು ಹರಿಸತೊಡಗಿದ ತುಂಗಭದ್ರಾ ಅಣೆಕಟ್ಟು ಮಳೆಗಾಲದಲ್ಲಿ ತುಂಬಿ, ಹೆಚ್ಚಿನ ನೀರನ್ನು ಹೊಳೆಗೆ ಬಿಟ್ಟಾಗ ಮಂಟಪ ಮುಳುಗುವುದುಂಟು. ಶರತ್ತಿನಲ್ಲಿ ಹೊಳೆ ಇಳಿದಂತೆ ಮತ್ತೆ ಕಾಣುತ್ತದೆ. ಕಂಬಗಳ ಮೇಲೆ ಕೆಸರಿನ ಗೆರೆ ಇನ್ನೂ ಹಸಿಯಾಗಿತ್ತು. ದೂರದಲ್ಲಿ ಹರಿಗೋಲೊಂದು ಸುತ್ತುತ್ತ ಸಾಗಿತ್ತು. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ಈ ದುಂಡು ದೋಣಿಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆಂದು ಮಗಳಿಗೆ ಹೇಳಿದೆ. ಪಾಠ ಸಾಕೆಂಬಂತೆ ಅವಳು ನೀರಿಗೆ ಕಾಲು ಇಳಿಬಿಟ್ಟಳು.

“ಇಲ್ಲಿ ಒಂದು ಹಾಡು ಹೇಳಮ್ಮ” ಎಂದಳು ಅವಳ ತಾಯಿ.

“ನನಗೆ ಹಾಡು ಇನ್ನೂ ಬರುವುದಿಲ್ಲ, ಸರಳೆ ಮಾತ್ರ.”

“ಅದನ್ನೇ ಹೇಳು.”

ಅವಳು ಹೇಳಿದಳು. ಎಂದಿನ ತಪ್ಪು ಎಂದಿನ ಕಡೆಯೇ ಬಂದಿತು. ನಿಂತು, ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಹಿಡಿದಳು. ನಾನು ಬಾಗಿಲು ಮುಚ್ಚಲಿಲ್ಲ. ಮುಚ್ಚಲು ಅಲ್ಲಿ ಬಾಗಿಲೂ ಇರಲಿಲ್ಲ.

ಬೆಂಗಳೂರಿಗೆ ಹೋದರೆ ಈ ಸರಳೆ ಅವಳ ಕೊರಳಲ್ಲಿ ನಮ್ಮೊಡನೆ ಬಂದೀತು, ಹೊಳೆ ಬಾರದು. ಇಲ್ಲಿಯೇ ಉಳಿದು ಬಾಗಿಲು ಮುಂದೆ ಮಾಡಿಕೊಂಡರೆ ಎರಡೂ ಇಲ್ಲ. ಕಾಗದಕ್ಕೆ ಉತ್ತರ ಬರೆಯಲು ಇನ್ನೂ ಹತ್ತು ದಿನಗಳ ಅವಕಾಶವಿದೆ. ಏನು ಬರೆಯುವೆನೋ ನಾನರಿಯೆ. ವಾಚಕರ ಮನೆಯ ಸಮೀಪದಲ್ಲಿಯೂ ಹೀಗೆ ‘ಇದ್ದೇ ಇದೆಯಲ್ಲ’ ಎಂದು ಬಿಟ್ಟ ಹೊಳೆಯೋ ಗುಡ್ಡವೋ ಇದ್ದೀತು. ಬಿಸಿಲು ಹಿತವಾಗಿರುವ ಈ ದಿನಗಳಲ್ಲಿ ಒಮ್ಮೆ ಹೋಗಿ ಬರಬಹುದು.

ಬರುವ ಭಾನುವಾರ ನಾವು ಸಂಡೂರಿಗೆ ಹೊರಟಿದ್ದೇವೆ. ಅಕ್ಕಿ ನೆನೆಹಾಕುವ ಲೆಕ್ಕ ಮನೆಯಾಕೆಯದು. ಕುಮಾರರಾಮನ ಕಥೆಯನ್ನು ಬಸ್ಸಿನಲ್ಲಿ ಹೇಳಬೇಕಾದವನು ನಾನು.