ನಾಯಿಯ ಬಾಯಿಗೂ ಅಹಿಂಸೆ ಬೇಕು

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯೊಳಗೆ ಚರ್ಮದ ವಸ್ತುವನ್ನು ಒಯ್ಯಲೊಲ್ಲದ ಶ್ರಾವಕರು, ಹಲ್ಲು ಶುಚಿಯಾಗಲೆಂದು ಮನೆಯ ನಾಯಿಗೆ ತಂದು ಕೊಡುವ ಬಿಳಿಯ ಗಂಟು‘ಮೂಳೆ’ ಏನೆಂದು ವಿಚಾರಿಸಿದ್ದಾರೆಯೇ? ಸಾಮಾನ್ಯವಾಗಿ ಅದು ಹದಮಾಡದ ದನದ ಚರ್ಮವೇ! ಅದರ ತುಂಡು ಗಂಟಲಿಗೋ ಕರುಳಿಗೋ ಸಿಕ್ಕಿದರೆ ನಾಯಿಗೂ ಪ್ರಾಣಸಂಕಟ. ಒಂದೇ ವಸ್ತುವಿನಲ್ಲಿ ಎರಡು ಹಿಂಸೆ.

ಹಾಗೆಂದು, ಹಸಿರು ಚುಕ್ಕೆಯಿದೆಯೆಂದು ನಮ್ಮ ಪುದೀನ ಮಿಠಾಯಿಯನ್ನು ಅದಕ್ಕೆ ತಿನ್ನಿಸುವುದೂ ಸಲ್ಲದು. ಕೆಲವು ಸಕ್ಕರೆರಹಿತ ಮಿಠಾಯಿಗಳಲ್ಲಿರುವ ಕ್ಸೈಲಿಟಾಲ್ ಸಸ್ಯಜನ್ಯವಾದರೂ ನಾಯಿಗೆ ವಿಷ. ರಕ್ತದ ಸಕ್ಕರೆಯನ್ನು ಇಳಿಸಿ ಯಕೃತ್ತನ್ನು ಕೆಡಿಸಬಲ್ಲದು. ಉಗುರೊತ್ತಿದರೆ ತಗ್ಗು ಬೀಳದಷ್ಟು ಗಟ್ಟಿಯಾದ ತಿನಿಸು ಹಲ್ಲನ್ನೇ ಮುರಿದೀತು.

ನಾಯಿಗೆಂದೇ ತಯಾರಿಸಿದ ಪೇಸ್ಟಿನಿಂದ ನಿತ್ಯ ಹಲ್ಲುಜ್ಜುವುದೇ ಲೇಸು. ದುರ್ವಾಸನೆ ನಿಲ್ಲದಿದ್ದರೆ ವಸಡಿನ ಅಥವಾ ಮೂತ್ರಪಿಂಡದ ರೋಗವಿರಬಹುದು, ಪಶುವೈದ್ಯರಿಗೆ ತೋರಿಸಿರಿ. ಅರಿಯದೆ ಕೊಂಡೆವೆಂಬುದು ಶ್ರಾವಕರಿಗೆ ಒಪ್ಪುವ ಉತ್ತರವಲ್ಲ. ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳುವುದೂ ಅಹಿಂಸಾವ್ರತದ ಭಾಗವೇ.