ದುಡಿಮೆ ಇಬ್ಬರದು, ವಿನಾಯಿತಿ ಒಬ್ಬರದು
(ಕೇಂದ್ರ ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ)

ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರ ಸನ್ನಿಧಿಗೆ, ರಾಯದುರ್ಗದ ಕನ್ನಡಿಗನೊಬ್ಬನ ವಿನಯಪೂರ್ವಕ ವಂದನೆಗಳು.

ಮೊದಲು ಆಂಧ್ರ ಪ್ರದೇಶದಿಂದಲೂ 2016ರಿಂದೀಚೆಗೆ ಕರ್ನಾಟಕದಿಂದಲೂ ರಾಜ್ಯಸಭೆಗೆ ಆಯ್ಕೆಯಾದ ತಮಗೆ, 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ನಮ್ಮ ತಾಲ್ಲೂಕಿನ ಇಬ್ಬಂದಿಯ ಬದುಕನ್ನು ವಿಸ್ತರಿಸಿ ಹೇಳಬೇಕಾದುದಿಲ್ಲವೆಂದು ಭಾವಿಸಿದ್ದೇನೆ. ಭಾಷೆಯ ಅಹವಾಲುಗಳು ನಮ್ಮಲ್ಲಿ ಬೇಕಾದಷ್ಟಿವೆ; ಈ ಪತ್ರ ಅವುಗಳನ್ನು ಕುರಿತದ್ದಲ್ಲ, ಆದಾಯ ತೆರಿಗೆಯನ್ನು ಕುರಿತದ್ದು.

ಇಲ್ಲಿನ ಬೀದಿಗಳಲ್ಲಿ ಜೀನ್ಸ್ ಹೊಲಿಗೆಯೇ ಅನೇಕ ಸಂಸಾರಗಳ ಜೀವನಾಧಾರ. ಗಂಡನು ಬಟ್ಟೆ ತರಲು, ಬಾಕಿ ವಸೂಲು ಮಾಡಲು ಊರೂರು ಅಲೆಯುತ್ತಿರುವಾಗ, ಕಟಿಂಗಿನ ಲೆಕ್ಕ ಹಿಡಿದು, ಕಾಜಾ-ಗುಂಡಿಗೆ ಕೊಟ್ಟ ಕೆಲಸವನ್ನು ಹಿಂದಕ್ಕೆ ಪಡೆದು, ಹೊಲಿಯುವವರಿಗೆ ವಾರದ ಬಟವಾಡೆ ಮಾಡಿ, ಸಮಯ ಸಿಕ್ಕರೆ ತಾನೂ ಯಂತ್ರದ ಮುಂದೆ ಕೂರುವವಳು ಹೆಂಡತಿ. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರದ ಕಡೆಗೆ ಹೋದರೆ ಅಲ್ಲಿ ರೇಷ್ಮೆಯ ಬೇಸಾಯ. ಹುಳು ಪೊರೆ ಬಿಡುವ ಜ್ವರಕ್ಕೆ ಕೂತಾಗ ನಿದ್ದೆಗೆಟ್ಟು ಕಾಯುವುದೂ, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದೂ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿಯೇ ನಡೆಯತಕ್ಕ ಕೆಲಸ. ಹಿಂದೂಪುರದ ಮಾರುಕಟ್ಟೆಯಲ್ಲಿ ಗೂಡು ಮಾರಿದ ಹಣ ಮಾತ್ರ ಗಂಡಸಿನ ಖಾತೆಗೆ ಜಮೆಯಾಗುತ್ತದೆ. ಹಿಪ್ಪುನೇರಳೆ ಸೊಪ್ಪು ಕೃಷಿಯ ಫಲವಾದರೂ ಗೂಡು ಕೃಷಿಯ ಉತ್ಪನ್ನವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿರುವುದರಿಂದ, ಕೃಷಿಗಿರುವ ವಿನಾಯಿತಿಯೂ ಅದಕ್ಕಿಲ್ಲ.

ಇವರಲ್ಲಿ ಬಹುಮಂದಿಗೆ ತೆರಿಗೆ ಕಟ್ಟುವಷ್ಟು ವರಮಾನವಿಲ್ಲವೆಂಬುದು ನಿಜ. ಆದರೆ ಕಷ್ಟಪಟ್ಟು ಮೇಲೆದ್ದವರ ಗತಿಯನ್ನು ನೋಡಬೇಕು. ವರ್ಷಕ್ಕೆ 2 ಕೋಟಿ ರೂಪಾಯಿ ವಹಿವಾಟು ಮಾಡುವ ಹೊಲಿಗೆ ಘಟಕದವನು ಅಂದಾಜು ಲಾಭದ ಪದ್ಧತಿಯಂತೆ ನೂರಕ್ಕೆ 8ರ ದರದಲ್ಲಿ 16 ಲಕ್ಷವನ್ನು ಆದಾಯವೆಂದು ತೋರಿಸಿದನೆನ್ನಿ. 2025ರ ಆಯವ್ಯಯದ ದರಗಳಂತೆ ಅವನು ಕಟ್ಟಬೇಕಾದುದು 1,20,000 ರೂಪಾಯಿ, ಅದರ ಮೇಲೆ ನೂರಕ್ಕೆ 4ರ ಸೆಸ್. ಅದೇ ಹಣ ಇಬ್ಬರ ಹೆಸರಿನಲ್ಲಿ ಎಂಟೆಂಟು ಲಕ್ಷವಾಗಿ ನಿಂತಿದ್ದರೆ, 12 ಲಕ್ಷದವರೆಗಿನ ಆದಾಯಕ್ಕೆ ತಾವೇ ದಯಪಾಲಿಸಿರುವ ರಿಯಾಯಿತಿಯಿಂದ, ತೆರಿಗೆ ಒಂದು ಕಾಸೂ ಇರುತ್ತಿರಲಿಲ್ಲ. ಹೆಂಡತಿಯ ಪಾಲಿನ 4 ಲಕ್ಷದ ಮೂಲ ವಿನಾಯಿತಿ ವರ್ಷವರ್ಷವೂ ಯಾರ ಉಪಯೋಗಕ್ಕೂ ಬಾರದೆ ವ್ಯರ್ಥವಾಗುತ್ತದೆ. ಅದನ್ನು ಗಂಡನಿಗೆ ವರ್ಗಾಯಿಸಲು ದಾರಿಯಿಲ್ಲ. ಸಂಬಳವೆಂದು ಕೊಟ್ಟರೂ, ಆಕೆಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿದ್ದು ಆ ಅರ್ಹತೆಯಿಂದಲೇ ಗಳಿಸಿದ ಹಣವಲ್ಲದಿದ್ದರೆ, 1961ರ ಆದಾಯ ತೆರಿಗೆ ಕಾಯಿದೆಯ 64ನೆಯ ಕಲಮಿನ ನಿಯಮವು ಅದನ್ನು ಮರಳಿ ಗಂಡನ ಆದಾಯಕ್ಕೇ ಕೂಡಿಸುತ್ತದೆ. 2025ರ ಹೊಸ ಕಾಯಿದೆಯೂ ಈ ನಿಯಮವನ್ನು ಬಿಟ್ಟಿಲ್ಲ. ಅರ್ಹತೆಯೆಂದರೆ ಪದವಿಯ ಕಾಗದವೇ ಆಗಬೇಕಾಗಿಲ್ಲ, ಅನುಭವದಿಂದ ಬಂದ ಜ್ಞಾನವೂ ಸಾಕೆಂದು ನಮ್ಮ ಆಂಧ್ರ ಪ್ರದೇಶದ ಉಚ್ಚ ನ್ಯಾಯಾಲಯವೇ ಹಿಂದೆ ಹೇಳಿದೆ. ಆದರೆ ನ್ಯಾಯಾಲಯದ ಮೆಟ್ಟಿಲೇರುವ ಶಕ್ತಿ ರಾಯದುರ್ಗದ ಹೊಲಿಗೆಯವಳಿಗೆ ಎಲ್ಲಿಂದ ಬರಬೇಕು?

ದೂರದ ದೇಶಗಳ ಮಾತಿರಲಿ (ಇಂಗ್ಲೆಂಡಿನಲ್ಲಿ 2015ರಿಂದ ಸ್ವಂತ ಉದ್ಯೋಗದ ದಂಪತಿಗಳೂ ವಿನಾಯಿತಿಯ ಒಂದಂಶವನ್ನು ಪರಸ್ಪರ ವರ್ಗಾಯಿಸಿಕೊಳ್ಳಬಲ್ಲರು), ನಮ್ಮ ನೆರೆಯ ಗೋವೆಯನ್ನೇ ನೋಡಬಹುದು. ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಗೆ ಒಳಪಟ್ಟ ಅಲ್ಲಿನ ದಂಪತಿಗಳ ಆದಾಯವು, ಸಂಬಳವೊಂದನ್ನು ಬಿಟ್ಟು, ವ್ಯಾಪಾರದ್ದಾದರೂ ಬಾಡಿಗೆಯದಾದರೂ, ಅದೇ 1961ರ ಕಾಯಿದೆಯ 5ಎ ಕಲಮಿನ ಪ್ರಕಾರ ಇಬ್ಬರಿಗೂ ಸಮನಾಗಿ ಹಂಚಲ್ಪಡುತ್ತದೆ. ಹೊಸ ಕಾಯಿದೆಯಲ್ಲಿಯೂ ಆ ಸೌಲಭ್ಯ ಉಳಿದಿದೆ. ಮಡಗಾಂವಿನ ಅಂಗಡಿಕಾರನ ಹೆಂಡತಿಗೆ ಸಲ್ಲುವ ಅರ್ಧ, ಮಡಕಶಿರದವಳಿಗೆ ಸಲ್ಲದಿರುವುದಕ್ಕೆ ಇತಿಹಾಸದ ಆಕಸ್ಮಿಕವನ್ನು ಬಿಟ್ಟು ಬೇರೆ ಕಾರಣ ನನಗೆ ತೋರದು. ಗೃಹಸ್ಥನೆಂಬುದನ್ನು ಗಣಿಸುವುದು ನಮ್ಮ ಆಯವ್ಯಯಕ್ಕೆ ಹೊಸತೂ ಅಲ್ಲ: 1955ರಲ್ಲಿ ಅಂದಿನ ಹಣಕಾಸು ಸಚಿವ ಚಿಂತಾಮಣ ದೇಶಮುಖರು ವಿವಾಹಿತರಿಗೆ 2,000, ಅವಿವಾಹಿತರಿಗೆ 1,000 ರೂಪಾಯಿಗಳ ವಿನಾಯಿತಿ ಮಿತಿಯನ್ನು ವಿಧಿಸಿದ್ದರು. ಪಿತ್ರಾರ್ಜಿತವುಳ್ಳ ಹಿಂದೂ ಅವಿಭಕ್ತ ಕುಟುಂಬಕ್ಕೆ ಪ್ರತ್ಯೇಕ ವಿನಾಯಿತಿಯನ್ನು ಕೊಡುವ ಕಾನೂನು, ಬರಿಗೈಯಿಂದ ಸಂಸಾರ ಕಟ್ಟಿದ ದಂಪತಿಗಳನ್ನು ಮಾತ್ರ ಕಾಣದಿರುವುದು ವಿಚಿತ್ರ.

ಕಾಗದದ ಮೇಲಷ್ಟೇ ಹಂಚಿ ತೆರಿಗೆ ತಪ್ಪಿಸುವವರು ಹುಟ್ಟಿಕೊಳ್ಳುವರೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೂಡಿಸುವ ನಿಯಮ ಹುಟ್ಟಿದ್ದೇ ಆ ಭಯದಿಂದ. ಆದುದರಿಂದ, ಹಂಚಿಕೆಯ ಹಣ ಹೆಂಡತಿಯ ಸ್ವಂತ ಬ್ಯಾಂಕ್ ಖಾತೆಗೆ ನಿಜವಾಗಿ ಸೇರತಕ್ಕದ್ದೆಂದೂ, ಆಕೆ ತನ್ನ ಪ್ಯಾನ್ ಸಂಖ್ಯೆಯಲ್ಲಿ ತಾನೇ ರಿಟರ್ನ್ ಸಲ್ಲಿಸತಕ್ಕದ್ದೆಂದೂ ಕಟ್ಟುನಿಟ್ಟಾಗಿ ವಿಧಿಸಿರಿ. ಹಾಗೆ ಮಾಡಿದರೆ ಹಣ ಅವಳದಾಗುತ್ತದೆ, ನಾಳೆ ಆಕೆ ತನ್ನ ಹೆಸರಿನಲ್ಲೇ ಸಾಲ ಕೇಳಲು ಹೋದಾಗ ತೋರಿಸಲು ಆದಾಯದ ದಾಖಲೆಯೂ ಇರುತ್ತದೆ; ನನ್ನ ದೃಷ್ಟಿಯಲ್ಲಿ ತೆರಿಗೆಯ ಉಳಿತಾಯಕ್ಕಿಂತ ಇದೇ ಹೆಚ್ಚಿನ ಲಾಭ.

ಆದಕಾರಣ, ಸ್ವಂತ ಉದ್ಯೋಗದಲ್ಲಿ ಜೊತೆಗೂಡಿ ದುಡಿಯುವ ದಂಪತಿಗಳಿಗೆ, ಅವರು ಇಚ್ಛಿಸಿದಲ್ಲಿ, ಗೋವೆಯ ರೀತಿಯ ಹಂಚಿಕೆಯನ್ನು ಮುಂದಿನ ಆಯವ್ಯಯದಲ್ಲಿಯೇ ಅನುಗ್ರಹಿಸಬೇಕೆಂದೂ, ಅಷ್ಟು ಸಾಧ್ಯವಾಗದಿದ್ದರೆ, ಮನೆಯ ಉದ್ಯಮದಲ್ಲಿ ದುಡಿದ ಹೆಂಡತಿಯ ಸಂಬಳಕ್ಕೆ ಅಡ್ಡಬಂದಿರುವ ಆ ಅರ್ಹತೆಯ ಷರತ್ತನ್ನಾದರೂ ತೆಗೆದುಹಾಕಬೇಕೆಂದೂ ತಮ್ಮಲ್ಲಿ ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ರಾಯದುರ್ಗದ ಒಬ್ಬ ನಾಗರಿಕ